ಭೌತವಿಜ್ಞಾನದ ಪುಸ್ತಕ ಕೊಳ್ಳುವ ಮುಂಚೆ: ಎರಡರಲ್ಲಿ ಯಾವುದು?

ಅಂಗಡಿಯಲ್ಲಿ ಭೌತವಿಜ್ಞಾನದ ಪುಸ್ತಕವೊಂದು ಕೈಗೆ ಬಂದರೆ ನಾನು ಮುನ್ನುಡಿ ಓದುವುದಿಲ್ಲ, ಹಿಂಬದಿಯ ಹೊಗಳಿಕೆಯನ್ನೂ ಓದುವುದಿಲ್ಲ. ನೇರ ಕೊನೆಯ ಪದಸೂಚಿಗೆ ಹೋಗಿ ‘ಮ್ಯೂಆನ್’ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಆ ಪುಟ ತೆಗೆದು ನಿಂತಲ್ಲೇ ಓದುತ್ತೇನೆ. ಪದಸೂಚಿಯೇ ಇಲ್ಲದಿದ್ದರೆ, ಕನ್ನಡದಲ್ಲಿ ಅಂಥ ಪುಸ್ತಕಗಳು ಬಹಳ, ಸಾಪೇಕ್ಷತೆಯ ಅಧ್ಯಾಯ ತೆಗೆಯುತ್ತೇನೆ. ಎರಡು ಪುಟ ಸಾಕು, ಪುಸ್ತಕದ ಜಾತಕ ತಿಳಿದುಹೋಗುತ್ತದೆ.

ಬಂಗಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಗಳಿಗೆ ಯಾವುದು ತರಲಿ, ಪಿಯುಸಿ ಸೇರಿದ ತಮ್ಮನಿಗೆ ಯಾವುದು ಕೊಡಲಿ, ರಿಟೈರ್ ಆದ ಮಾವ ಬ್ರಹ್ಮಾಂಡದ ಬಗ್ಗೆ ಓದಬೇಕು ಅಂತಿದ್ದಾರೆ, ಯಾವುದು ಸರಿ ಎಂದು ಕೇಳುವವರು ವರ್ಷಕ್ಕೆ ಹತ್ತು ಜನವಾದರೂ ಇರುತ್ತಾರೆ. ಪ್ರತಿಯೊಬ್ಬರಿಗೂ ಅರ್ಧಂಬರ್ಧ ಉತ್ತರ ಹೇಳಿ ಕಳಿಸಿದ್ದೇನೆ. ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಮ್ಯೂಆನ್ ಯಾಕೆ ಅಂದರೆ, ಅದು ಎಲೆಕ್ಟ್ರಾನಿನ ದೊಡ್ಡಣ್ಣ. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿದಾಗ, ನೆಲದಿಂದ ಸುಮಾರು 15 ಕಿ.ಮೀ. ಎತ್ತರದಲ್ಲಿ, ಮ್ಯೂಆನುಗಳು ಹುಟ್ಟುತ್ತವೆ. ಅವುಗಳ ಆಯಸ್ಸು ಸರಾಸರಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಂಥ ಎರಡೂ ಚಿಲ್ಲರೆ ಭಾಗ, ಅಂದರೆ 2.2 ಮೈಕ್ರೊಸೆಕೆಂಡು. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ ಕ್ರಮಿಸುವುದು 660 ಮೀಟರ್. ನಂದಿಬೆಟ್ಟದ ತುದಿಯಿಂದ ಚಿಕ್ಕಬಳ್ಳಾಪುರದ ಬಯಲಿಗೆ ಇಳಿಯುವ ಎತ್ತರಕ್ಕಿಂತ ತುಸು ಹೆಚ್ಚು, ಅಷ್ಟೇ. 15 ಕಿ.ಮೀ. ಇಳಿಯುವಷ್ಟರಲ್ಲಿ ಕೋಟಿಗೆ ಒಂದೂ ಉಳಿಯಬಾರದು. ಆದರೆ ನೀವು ಇದನ್ನು ಓದುತ್ತಿರುವಾಗ ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯೂಆನ್ ಅದರ ಮೂಲಕ ಹಾದುಹೋಗುತ್ತಿದೆ. ವೇಗವಾಗಿ ಓಡುವ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗಿ ನಡೆಯುತ್ತದೆ, ಅದಕ್ಕೇ ಅದು ಇಲ್ಲಿವರೆಗೆ ಬದುಕಿ ಬರುತ್ತದೆ. ಐನ್‌ಸ್ಟೈನ್ ಹೇಳಿದ್ದು ನಮ್ಮ ಅಂಗೈ ಮೇಲೇ ನಡೆಯುತ್ತಿದೆ.

ಇದನ್ನು ಮೂರು ಬಗೆಯ ಪುಸ್ತಕಗಳು ಹೇಗೆ ಹೇಳುತ್ತವೆ ನೋಡಿ.

ಮೊದಲನೆಯದು ‘ವೇಗವಾಗಿ ಚಲಿಸಿದರೆ ಕಾಲ ನಿಧಾನವಾಗುತ್ತದೆ, ಎಂಥ ವಿಸ್ಮಯ!’ ಎಂದು ಹೇಳಿ ಮುಂದಿನ ವಿಸ್ಮಯಕ್ಕೆ ಹೋಗುತ್ತದೆ. ಎರಡನೆಯದು ಅವಳಿ ಸಹೋದರರ ಕಥೆ ಹೇಳುತ್ತದೆ. ಒಬ್ಬ ರಾಕೆಟ್ಟಿನಲ್ಲಿ ಹೋಗಿ ಬಂದಾಗ ಇನ್ನೊಬ್ಬ ಮುದುಕನಾಗಿರುತ್ತಾನೆ. ಕಥೆ ಚೆನ್ನಾಗಿದೆ, ಆದರೆ ಹಾಗೆ ಹೋಗಿ ಬಂದವರು ಯಾರೂ ಇಲ್ಲ. ಮೂರನೆಯದು ಮ್ಯೂಆನಿನ ಲೆಕ್ಕವನ್ನು ಮುಂದಿಟ್ಟು, ಡೇವಿಡ್ ಫ್ರಿಷ್ ಮತ್ತು ಜೇಮ್ಸ್ ಸ್ಮಿತ್ ಅಮೆರಿಕದ ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಮಾಡಿ 1963ರಲ್ಲಿ ಪ್ರಕಟಿಸಿದ ಎಣಿಕೆಯನ್ನು ಹೇಳುತ್ತದೆ. ಒಂದು ನಿರ್ದಿಷ್ಟ ವೇಗದ ಮ್ಯೂಆನುಗಳನ್ನು ಮಾತ್ರ ಆರಿಸಿ ಎಣಿಸಿದಾಗ 1,910 ಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 560 ಸಿಕ್ಕವು. ಕಾಲ ನಿಧಾನವಾಗದೇ ಇದ್ದಿದ್ದರೆ ಸಮುದ್ರಮಟ್ಟಕ್ಕೆ ತಲುಪಬೇಕಿದ್ದದ್ದು 27. ಎಣಿಸಿದಾಗ ಬಂದದ್ದು 400ಕ್ಕೂ ಹೆಚ್ಚು.

ಮೂರೂ ಓದಿದ ಮೇಲೆ ಹುಡುಗನನ್ನು ‘ಅದು ನಿಜ ಅಂತ ಹೇಗೆ ಗೊತ್ತಪ್ಪಾ?’ ಎಂದು ಕೇಳಿ. ಮೊದಲೆರಡನ್ನು ಓದಿದವನು ‘ಪುಸ್ತಕದಲ್ಲಿದೆ ಸಾರ್’ ಅನ್ನುತ್ತಾನೆ. ಮೂರನೆಯದನ್ನು ಓದಿದವನು ‘27 ಬರಬೇಕಿತ್ತು, 400 ಬಂತು ಸಾರ್’ ಅನ್ನುತ್ತಾನೆ. ನನಗೆ ಬೇಕಾದದ್ದು ಈ ಎರಡನೇ ಉತ್ತರ. ಮುಂದೆ ಹೇಳುವ ಹೋಲಿಕೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಗಣಿಯ ಕೆಳಗಿನ ಸೊನ್ನೆ

ನನಗೆ ಈ ಹುಚ್ಚು ಹತ್ತಿದ್ದು ಅಪ್ಪನಿಂದ. ಅವರು ಕೆಜಿಎಫ್‌ನಲ್ಲಿ ಗಣಿ ಕೆಲಸಕ್ಕಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಓದಿದ್ದು ಏಳನೇ ಕ್ಲಾಸು. ನಾನು ಚಿಕ್ಕವನಿದ್ದಾಗ ಒಮ್ಮೆ, ಕೆಳಗೆ ಸುರಂಗದಲ್ಲಿ ‘ಸೈನ್ಸಿನವರು’ ಕಬ್ಬಿಣದ ಚೌಕ ಕೊಳವೆಗಳನ್ನು ಅಡ್ಡ ಉದ್ದ ಪದರ ಪದರವಾಗಿ ಜೋಡಿಸಿ, ಹಗಲೂ ರಾತ್ರಿ ಏನೋ ಬರಲಿ ಅಂತ ಕಾಯುತ್ತಿದ್ದಾರೆ ಎಂದು ಹೇಳಿದ್ದರು. ‘ಏನು ಬರಬೇಕಪ್ಪಾ?’ ಅಂದೆ. ‘ಅದು ಬಂದರೆ ಅವರಿಗೇ ಗೊತ್ತಾಗೋದು’ ಅಂದರು. ಏನು ಬರಬೇಕಿತ್ತು ಎಂದು ತಿಳಿದುಕೊಳ್ಳಲು ನನಗೆ ಹದಿನೈದು ವರ್ಷ ಹಿಡಿಯಿತು. ನಾನು ಓದಿದ ಮೊದಲ ನಾಲ್ಕೈದು ಪುಸ್ತಕಗಳಲ್ಲಿ ಅದರ ಸುಳಿವೂ ಇರಲಿಲ್ಲ.

ಅಲ್ಲಿ ನಡೆದದ್ದು ಇಷ್ಟು. ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಕೋಲಾರದ ಗಣಿಗೆ ಇಳಿದು, ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಆನ್ ಬರುತ್ತವೆ ಎಂದು ಎಣಿಸತೊಡಗಿದ್ದರು. ಆಳ ಹೆಚ್ಚಿದಷ್ಟೂ ಎಣಿಕೆ ಇಳಿಯುತ್ತಾ ಹೋಗುತ್ತದೆ, ಮೇಲಿನ ಬಂಡೆ ತಡೆಯುತ್ತದೆ. 1960ರ ದಶಕದ ಆರಂಭದಲ್ಲಿ, ಸಾಧ್ಯವಿದ್ದಷ್ಟು ಆಳದಲ್ಲಿ ಉಪಕರಣ ಇಟ್ಟು ವಾರಗಟ್ಟಲೆ ಕಾದರು. ಒಂದೂ ಬರಲಿಲ್ಲ. ಸೊನ್ನೆ.

ಈ ಸೊನ್ನೆಯನ್ನು ಪುಸ್ತಕ ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ನನ್ನ ಎರಡನೇ ಪರೀಕ್ಷೆ. ಸಾಧನೆಗಳ ಪಟ್ಟಿ ಕೊಡುವ ಪುಸ್ತಕ ಇದನ್ನು ಬಿಟ್ಟೇಬಿಡುತ್ತದೆ. ‘1965ರಲ್ಲಿ ಕೋಲಾರದಲ್ಲಿ ವಾತಾವರಣದ ನ್ಯೂಟ್ರಿನೊ ಪತ್ತೆ’ ಎಂದು ಒಂದು ಸಾಲು ಹಾಕಿ, ಪಕ್ಕದಲ್ಲೊಂದು ಬಾವುಟ ಇಡುತ್ತದೆ. ಒಳ್ಳೆಯ ಪುಸ್ತಕ ಸೊನ್ನೆಯಿಂದಲೇ ಶುರುಮಾಡುತ್ತದೆ. ಮ್ಯೂಆನ್ ಬಾರದ ಜಾಗ ಅಂದರೆ ಗದ್ದಲವಿಲ್ಲದ ಜಾಗ. ಎಲ್ಲವನ್ನೂ ತೂರಿಕೊಂಡು ಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಅಲ್ಲಿ ಎಂದಾದರೂ ಬಂಡೆಗೆ ಡಿಕ್ಕಿ ಹೊಡೆದು ಒಂದು ಮ್ಯೂಆನ್ ಹುಟ್ಟಿಸಿದರೆ, ಅದು ಕಾಣಿಸೀತು. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಹೆಬ್ಬೆರಳ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ, ನಮಗೆ ಏನೂ ಆಗುವುದಿಲ್ಲ. ಅಂಥದ್ದನ್ನು ಹಿಡಿಯಬೇಕಾದರೆ ಬೇರೆ ಎಲ್ಲ ಸದ್ದೂ ಅಡಗಬೇಕು.

ಹಾಗಾದರೆ ಸಿಕ್ಕ ಮ್ಯೂಆನ್ ಮೇಲಿಂದ ಇಳಿದದ್ದಲ್ಲ, ನ್ಯೂಟ್ರಿನೊ ಹುಟ್ಟಿಸಿದ್ದೇ ಎಂದು ಹೇಗೆ ಹೇಳುವುದು? ಇಲ್ಲಿಗೆ ಬಂದಾಗಲೇ ಎರಡು ಪುಸ್ತಕಗಳ ದಾರಿ ಬೇರೆಯಾಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರು ಸೇರಿ ಸುಮಾರು 2.3 ಕಿ.ಮೀ. ಆಳದಲ್ಲಿ ಇಟ್ಟ ಉಪಕರಣಗಳು ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದವು, ಅಡ್ಡಡ್ಡವಾಗಿ ಬರುವ ಕಣಗಳನ್ನು ಹಿಡಿಯಲೆಂದು. ನೇರ ಮೇಲಿಂದ ಬಂದದ್ದು 2.3 ಕಿ.ಮೀ. ಬಂಡೆ ದಾಟಿರಬಹುದು. ಅಡ್ಡಲಾಗಿ ಬಂದದ್ದು ಅದರ ಎಷ್ಟೋ ಪಟ್ಟು ಬಂಡೆ ದಾಟಬೇಕಾಗುತ್ತದೆ, ಯಾವ ಮ್ಯೂಆನಿಗೂ ಅದು ಆಗದ ಕೆಲಸ. ಆದ್ದರಿಂದ ಅಡ್ಡಲಾಗಿ ಬಂದ ಮ್ಯೂಆನ್ ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು, ಹುಟ್ಟಿಸಿದ್ದು ನ್ಯೂಟ್ರಿನೊ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಒಂದು ಗೆರೆ ಹಾಕಿ ಹೇಳಿದರೆ ಅರ್ಥವಾಗುತ್ತದೆ, ಪುಸ್ತಕದಲ್ಲಿ ಒಂದು ಪ್ಯಾರಾ ಸಾಕು. ಆ ಪ್ಯಾರಾ ಇಲ್ಲದೆ ಬಾವುಟ ಮಾತ್ರ ಇರುವ ಪುಸ್ತಕಕ್ಕೆ ನಾನು ದುಡ್ಡು ಕೊಡುವುದಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದೇ 1965ರಲ್ಲಿ ಇನ್ನೊಂದು ತಂಡ ಇದನ್ನೇ ಕಂಡಿತು. ಅದನ್ನೂ ಹೇಳುವ ಪುಸ್ತಕವಾದರೆ ಇನ್ನೂ ಒಳ್ಳೆಯದು.

ಅಪ್ಪ ನೋಡಿದ ಕೊಳವೆಗಳು ಅದರ ನಂತರದವು, 1980ರ ದಶಕದವು. ಪ್ರೋಟಾನ್ ತಾನಾಗಿಯೇ ಒಡೆದುಹೋಗುತ್ತದೆಯೇ ಎಂದು ನೋಡಲು ಜೋಡಿಸಿದ ಸುಮಾರು 140 ಟನ್ ಭಾರದ ಉಪಕರಣ. ಒಡೆದಂತೆ ಕಾಣುವ ಕೆಲವು ಘಟನೆಗಳು ಸಿಕ್ಕಿವೆ ಎಂದು ಆ ತಂಡ ಪ್ರಕಟಿಸಿತ್ತು. ಆಮೇಲೆ ಅಮೆರಿಕ, ಜಪಾನಿನ ದೊಡ್ಡ ಉಪಕರಣಗಳು ಹುಡುಕಿದವು, ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಒಡೆಯುವುದೇ ಆದರೆ ಅದರ ಆಯಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಹೆಚ್ಚು ಎಂದು ಜಪಾನಿನ ಸೂಪರ್-ಕಾಮಿಯೊಕಾಂಡೆ ಹೇಳುತ್ತದೆ. ಇದನ್ನೆಲ್ಲ ಓದಿಕೊಂಡು ಅಪ್ಪನ ಹತ್ತಿರ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಸಿಗದೇ ಇದ್ದದ್ದನ್ನೂ ಬರೆದಿಡುತ್ತಾರಾ?’ ಬರೆದಿಡುತ್ತಾರೆ. ಬರೆದಿಡುವ ಪುಸ್ತಕವನ್ನೇ ತನ್ನಿ.

ಇದರಿಂದ ಇನ್ನೊಂದು ಉಪಯೋಗದ ಮಾತೂ ಹೊರಡುತ್ತದೆ: ಪುಸ್ತಕ ಅಚ್ಚಾದ ವರ್ಷ ನೋಡಿ. ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಬೆಳಕು, ಶಬ್ದ, ಉಷ್ಣ, ಗ್ರಹಗಳ ಚಲನೆ ಇವುಗಳ ಮೇಲಿನ ಐವತ್ತು ವರ್ಷ ಹಿಂದಿನ ಪುಸ್ತಕ ಇವತ್ತಿಗೂ ಗಟ್ಟಿ. ನ್ಯೂಟ್ರಿನೊ, ಬ್ರಹ್ಮಾಂಡದ ವಯಸ್ಸು, ಗುರುತ್ವದ ಅಲೆ ಈ ವಿಷಯಗಳಲ್ಲಿ ಮಾತ್ರ ವರ್ಷ ಮುಖ್ಯ. 1998ಕ್ಕಿಂತ ಹಿಂದಿನ ಪುಸ್ತಕದಲ್ಲಿ ನ್ಯೂಟ್ರಿನೊಗೆ ದ್ರವ್ಯರಾಶಿ ಇಲ್ಲ ಎಂದಿರಬಹುದು, 2015ಕ್ಕಿಂತ ಹಿಂದಿನದರಲ್ಲಿ ಗುರುತ್ವದ ಅಲೆಯನ್ನು ನೇರವಾಗಿ ಯಾರೂ ಹಿಡಿದಿರುವುದಿಲ್ಲ.

ಹೊಳಪು ಹಾಳೆಯ ಸೆಟ್ಟು

ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ಗ್ರಂಥಾಲಯಕ್ಕೆಂದು ಬಂದಿದ್ದ ಹಣವೆಲ್ಲ ಒಂದು ಸೆಟ್ಟಿಗೆ ಹೋಯಿತು. ಆರ್ಟ್ ಪೇಪರ್, ಪುಟಕ್ಕೊಂದು ಬಣ್ಣದ ಚಿತ್ರ, ಹನ್ನೆರಡು ಸಂಪುಟ. ತೆಗೆದು ನೋಡಿದರೆ ‘ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ’ ಎಂದಿತ್ತು. ನನಗೆ ಆ ದಿನ ಆದ ಸಂಕಟ ಇನ್ನೂ ನೆನಪಿದೆ. ಈ ಒಂದು ಮಾತನ್ನು ತಪ್ಪೆಂದು ತೋರಿಸಿದವರು ಸಿ.ವಿ. ರಾಮನ್. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ವಾಪಸು ಬರುವಾಗ ಅವರ ಬಳಿ ಒಂದು ನಿಕೊಲ್ ಪ್ರಿಸಮ್ ಇತ್ತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಆಕಾಶದ ಬೆಳಕನ್ನು ಸರಿಯಾದ ಕೋನದಲ್ಲಿ ಆ ಪ್ರಿಸಮ್ಮಿನಿಂದ ತಡೆದು ನೋಡಿದರು. ಪ್ರತಿಬಿಂಬ ಹೋದರೆ ನೀಲಿಯೂ ಹೋಗಬೇಕಿತ್ತು. ನೀಲಿ ಇನ್ನೂ ಗಾಢವಾಯಿತು. ಆ ಬಣ್ಣ ನೀರಿನದೇ, ಆಕಾಶದಿಂದ ಎರವಲು ತಂದದ್ದಲ್ಲ. ಅಲ್ಲಿಂದ ಹೊರಟ ದಾರಿ ರಾಮನ್ ಪರಿಣಾಮ ಪತ್ತೆಯಾದ 1928ರ ಫೆಬ್ರವರಿ 28ಕ್ಕೆ ಬಂದು ನಿಂತಿತು.

ಅದೇ ಸೆಟ್ಟಿನ ಬೆಲೆಗೆ ಸಾಧಾರಣ ಕಾಗದದ, ಕಪ್ಪು ಬಿಳುಪು ಗೆರೆಚಿತ್ರದ ಮೂವತ್ತು ಪುಸ್ತಕ ಬರುತ್ತಿದ್ದವು. ಚಿತ್ರ ಬೇಡವೆಂದಲ್ಲ. ಎರಡು ಪುಸ್ತಕಗಳಲ್ಲಿ ಒಂದರಲ್ಲಿ ಫೋಟೊ, ಇನ್ನೊಂದರಲ್ಲಿ ಬಾಣದ ಗುರುತು ಹಾಕಿದ ಗೆರೆಚಿತ್ರ ಇದ್ದರೆ ಗೆರೆಚಿತ್ರದ್ದನ್ನು ಆರಿಸಿ. ಖಗೋಳದ ಪುಸ್ತಕವಾದರೆ ಇನ್ನೊಂದು ನೋಡಿ: ನೀಹಾರಿಕೆಯ ಬಣ್ಣದ ಚಿತ್ರದ ಕೆಳಗೆ ಆ ಬಣ್ಣ ಎಲ್ಲಿಂದ ಬಂತು ಎಂದು ಬರೆದಿದ್ದಾರೆಯೇ? ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಬಹುಪಾಲು ಅವಕೆಂಪು ಬೆಳಕನ್ನು. ಅದು ಕಣ್ಣಿಗೆ ಕಾಣದ್ದು, ಬಣ್ಣ ನಾವು ಆಮೇಲೆ ಕೊಟ್ಟದ್ದು. ಗೌರಿಬಿದನೂರಿನ ರೇಡಿಯೊ ದೂರದರ್ಶಕವನ್ನು ಮಕ್ಕಳಿಗೆ ತೋರಿಸಿದರೆ ‘ದೂರದರ್ಶಕ ಎಲ್ಲಿ ಸಾರ್?’ ಅನ್ನುತ್ತಾರೆ. ಬಟ್ಟೆ ಒಣಹಾಕುವ ತಂತಿಗಳ ಹಾಗೆ ಸಾವಿರ ಆಂಟೆನಾಗಳು ‘ಟಿ’ ಆಕಾರದಲ್ಲಿ ಒಂದು ಕಿಲೋಮೀಟರಿಗೂ ಉದ್ದಕ್ಕೆ ಹರಡಿಕೊಂಡಿವೆ. ಆಕಾಶವನ್ನು ಹಾಗೂ ನೋಡಬಹುದು ಎಂದು ಹೇಳದ ಖಗೋಳ ಪುಸ್ತಕ ಅರ್ಧ ಪುಸ್ತಕ.

ರಬ್ಬರ್ ಹಾಳೆ

ಹೋಲಿಕೆಗಳ ವಿಷಯಕ್ಕೆ ಬರೋಣ. ಜನಪ್ರಿಯ ಪುಸ್ತಕ ಉಸಿರಾಡುವುದೇ ಹೋಲಿಕೆಯಿಂದ. ಪರಮಾಣು ಸೌರಮಂಡಲದ ಹಾಗೆ, ವಿದ್ಯುತ್ತು ನೀರಿನ ಹಾಗೆ, ದೇಶಕಾಲ ರಬ್ಬರ್ ಹಾಳೆಯ ಹಾಗೆ. ಎಳೆದು ಹಿಡಿದ ರಬ್ಬರ್ ಹಾಳೆಯ ನಡುವೆ ಕಬ್ಬಿಣದ ಗುಂಡು ಇಟ್ಟರೆ ಹಾಳೆ ಕುಸಿಯುತ್ತದೆ, ಪಕ್ಕದಲ್ಲಿ ಉರುಳಿಬಿಟ್ಟ ಗೋಲಿ ಅದರ ಸುತ್ತ ತಿರುಗುತ್ತದೆ, ಗುರುತ್ವ ಅಂದರೆ ಇದೇ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ.

ನಾನೂ ಹಾಗೇ ಹೇಳಿಕೊಡುತ್ತಿದ್ದೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಬಕೆಟ್ಟಿನ ಬಾಯಿಗೆ ಬಿಗಿದು ಮಾಡಿಯೂ ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ‘ಸಾರ್, ಗುಂಡು ಹಾಳೆಯನ್ನ ಕೆಳಗೆ ಅದುಮೋದು ಭೂಮಿ ಎಳೆಯೋದರಿಂದ ಅಲ್ವಾ? ಗುರುತ್ವ ಅಂದ್ರೇನು ಅಂತ ಹೇಳೋಕೆ ಗುರುತ್ವಾನೇ ಬಳಸಿದ್ರಲ್ಲ ಸಾರ್’ ಅಂದಳು. ಕ್ಲಾಸು ಸುಮ್ಮನಾಯಿತು. ಅವಳ ಮಾತು ಪೂರಾ ಸರಿ.

ಆವತ್ತಿನಿಂದ ನಾನು ಪುಸ್ತಕದಲ್ಲಿ ಹುಡುಕುವುದು ಹೋಲಿಕೆಯನ್ನಲ್ಲ, ಹೋಲಿಕೆ ಮುಗಿದ ಮೇಲಿನ ಸಾಲನ್ನು. ‘ಈ ಹೋಲಿಕೆ ಇಲ್ಲಿಯವರೆಗೆ ಬರುತ್ತದೆ, ಇದರಾಚೆ ಬರುವುದಿಲ್ಲ’ ಎಂಬ ಸಾಲು. ಅದನ್ನು ಬರೆದ ಲೇಖಕರಿಗೆ ವಿಷಯವೂ ಗೊತ್ತು, ಓದುಗರ ಮೇಲೆ ಗೌರವವೂ ಇದೆ. ರಬ್ಬರ್ ಹಾಳೆಯ ಬದಲು ಗಡಿಯಾರದಿಂದ ಶುರುಮಾಡುವ ಪುಸ್ತಕ ಸಿಕ್ಕರಂತೂ ಬಿಡಬೇಡಿ. ಭಾರದ ವಸ್ತುವಿನ ಹತ್ತಿರ ಗಡಿಯಾರ ನಿಧಾನ, ದೂರದಲ್ಲಿ ಚುರುಕು. ಜಿಪಿಎಸ್ ಉಪಗ್ರಹದ ಗಡಿಯಾರ ಎತ್ತರದಲ್ಲಿರುವ ಕಾರಣಕ್ಕೆ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೆ ಹೋಗುತ್ತದೆ, ಓಡುತ್ತಿರುವ ಕಾರಣಕ್ಕೆ 7 ಹಿಂದೆ ಬೀಳುತ್ತದೆ. ಉಳಿಯುವುದು 38. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಬೆಳಕಿನ ಲೆಕ್ಕ 11 ಕಿ.ಮೀ. ತಪ್ಪುತ್ತದೆ. ಮಗುವಿನ ಅಪ್ಪನ ಮೊಬೈಲಿನಲ್ಲಿರುವ ಮ್ಯಾಪಿನಿಂದ ಐನ್‌ಸ್ಟೈನ್‌ವರೆಗೆ ಹೀಗೆ ಎರಡೇ ಹೆಜ್ಜೆ.

ಸಮೀಕರಣ ಇರಬೇಕೇ?

ಸ್ಟೀಫನ್ ಹಾಕಿಂಗ್ 1988ರ ತಮ್ಮ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಬರೆಯುವಾಗ, ಒಂದೊಂದು ಸಮೀಕರಣ ಹಾಕಿದಾಗಲೂ ಮಾರಾಟ ಅರ್ಧಕ್ಕಿಳಿಯುತ್ತದೆ ಎಂದು ಯಾರೋ ಹೇಳಿದರಂತೆ. ಹಾಗಾಗಿ ಇ ಈಕ್ವಲ್ ಟು ಎಂಸಿ ಸ್ಕ್ವೇರ್ ಒಂದನ್ನೇ ಇಟ್ಟುಕೊಂಡರು. ಅಲ್ಲಿಂದಾಚೆ ಸಮೀಕರಣವಿಲ್ಲ ಎಂಬುದೇ ಒಂದು ಹೆಗ್ಗಳಿಕೆಯಾಗಿಬಿಟ್ಟಿದೆ. ನಾನು ಒಪ್ಪುವುದಿಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿರುವ ಆ ಪುಸ್ತಕದ ಪ್ರತಿಯಲ್ಲಿ ಮೊದಲ ಅರವತ್ತು ಪುಟದ ಅಂಚು ಬೆರಳ ಮಣ್ಣಿಗೆ ಕಂದಿದೆ, ಉಳಿದದ್ದು ಬೆಳ್ಳಗೆ ಹೊಸದರ ಹಾಗೇ ಇದೆ. ಸಮೀಕರಣ ತೆಗೆದ ಮಾತ್ರಕ್ಕೆ ದಾರಿ ಸಲೀಸಾಗುವುದಿಲ್ಲ, ಮೆಟ್ಟಿಲು ತೆಗೆದ ಹಾಗಾಗುವುದೂ ಉಂಟು.

ಹೋಲಿಸಲು ಎರಡು ಬೇರೆ ದಾರಿಗಳಿವೆ. ಸ್ಟೀವನ್ ವೈನ್‌ಬರ್ಗ್ 1977ರ ‘ದಿ ಫಸ್ಟ್ ತ್ರೀ ಮಿನಿಟ್ಸ್’ನಲ್ಲಿ ಮುಖ್ಯ ಪಠ್ಯವನ್ನು ಮಾತಿನಲ್ಲಿ ಬರೆದು, ಗಣಿತವನ್ನು ಕೊನೆಯಲ್ಲಿ ಬೇರೆಯಾಗಿ ಕೊಟ್ಟರು. ಬೇಕಾದವರು ಹೋಗಿ ನೋಡಬಹುದು. ರಿಚರ್ಡ್ ಫೈನ್‌ಮನ್ 1985ರ ‘ಕ್ಯೂಇಡಿ’ಯಲ್ಲಿ ಕ್ವಾಂಟಮ್ ಲೆಕ್ಕವನ್ನೇ ಪುಟ್ಟ ಬಾಣಗಳನ್ನಾಗಿ ಮಾಡಿ, ಬಾಣಕ್ಕೆ ಬಾಣ ಜೋಡಿಸಿ, ಕನ್ನಡಿಯಿಂದ ಬೆಳಕು ಯಾಕೆ ಹಾಗೆ ಹಿಂತಿರುಗುತ್ತದೆ ಎಂದು ತೋರಿಸಿದರು. ಸಮೀಕರಣದ ಗುರುತು ಕಡಿಮೆ, ಆದರೆ ಲೆಕ್ಕವನ್ನು ಬಿಟ್ಟಿಲ್ಲ. ಪಿಯುಸಿ ಸೈನ್ಸ್ ಓದುವವರಿಗೆ ಹಾಕಿಂಗ್ ಮತ್ತು ಫೈನ್‌ಮನ್ ಇವೆರಡರಲ್ಲಿ ಒಂದೇ ಕೊಳ್ಳುವುದಾದರೆ ಫೈನ್‌ಮನ್ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಸಿಇಟಿಗೆ ಅದರಿಂದ ಒಂದು ಮಾರ್ಕೂ ಹೆಚ್ಚು ಬರದಿರಬಹುದು. ಅದಕ್ಕಾಗಿ ಕೊಳ್ಳುವುದೂ ಬೇಡ.

ಹೈಸ್ಕೂಲಿನವರಿಗೆ ನಾಲ್ಕು ಗಣಿತಕ್ರಿಯೆ ಸಾಕಾಗುವ ಲೆಕ್ಕ ಇದ್ದರೆ ಒಳ್ಳೆಯದು. ಮೇಲೆ ಹೇಳಿದ 660 ಮೀಟರ್ ಒಂದು ಗುಣಾಕಾರ ಅಷ್ಟೇ. ಪೆನ್ಸಿಲ್ ಹಿಡಿದು ಓದುವ ಹಾಗೆ ಮಾಡುವ ಪುಸ್ತಕ, ಬರೀ ಕಣ್ಣಲ್ಲಿ ಓದಿಸುವ ಪುಸ್ತಕಕ್ಕಿಂತ ಮೇಲು.

ವಿಜ್ಞಾನಿಗಳ ಜೀವನಕಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ರುಚಿ ಹತ್ತಿಸಲು ಒಳ್ಳೆಯವು. ಆದರೆ ‘ಭೌತವಿಜ್ಞಾನ ಓದಬೇಕು’ ಎಂದವರಿಗೆ ಜೀವನಚರಿತ್ರೆ ಕೊಟ್ಟರೆ ಹೊಟ್ಟೆ ಹಸಿದವರಿಗೆ ಅಡುಗೆಯವರ ಕಥೆ ಹೇಳಿದ ಹಾಗೆ.

ಇದೆ, ಇದೆಯಂತೆ, ಇರಬಹುದು

ಅನೇಕ ಬ್ರಹ್ಮಾಂಡಗಳು, ಎಳೆ ಸಿದ್ಧಾಂತ (ಸ್ಟ್ರಿಂಗ್ ಥಿಯರಿ), ಹನ್ನೊಂದು ಆಯಾಮಗಳು. ಈ ಸಾಲಿನ ಪುಸ್ತಕಗಳು ಅಂಗಡಿಯಲ್ಲಿ ಮುಂದಿನ ಸಾಲಿನಲ್ಲೇ ಇರುತ್ತವೆ. ಇವುಗಳನ್ನು ಅಳೆಯಲು ಕನ್ನಡದಲ್ಲೇ ಒಳ್ಳೆಯ ಅಳತೆಗೋಲಿದೆ, ಕ್ರಿಯಾಪದ. ‘ಇದೆ’, ‘ಇದೆಯಂತೆ’, ‘ಇರಬಹುದು’, ‘ಇರಲೇಬೇಕು’ ನಾಲ್ಕೂ ನಾಲ್ಕು ಮಾತು. ಕಪ್ಪುಕುಳಿ ‘ಇದೆ’. ಪ್ರೋಟಾನ್ ಒಡೆಯುವುದು ‘ಇರಬಹುದು’. ಬೇರೆ ಬ್ರಹ್ಮಾಂಡಗಳಂತೂ ನೋಡಲು ದಾರಿಯೇ ಕಾಣದ ‘ಇರಬಹುದು’. ಎಲ್ಲದಕ್ಕೂ ಒಂದೇ ದನಿಯಲ್ಲಿ ‘ಇದೆ’ ಎನ್ನುವ ಪುಸ್ತಕವನ್ನು ಕೆಳಗಿಡಿ. ಮೊದಲ ಪುಸ್ತಕವಾಗಿ ಇವು ಯಾವುದೂ ಬೇಡ, ಐದಾರು ಓದಿದ ಮೇಲೆ ಓದಿದರೆ ನಷ್ಟವಿಲ್ಲ.

ಕ್ವಾಂಟಮ್ಮನ್ನೂ ಉಪನಿಷತ್ತನ್ನೂ ಕಲಸಿದ ಪುಸ್ತಕಗಳ ಮಾತು ಬೇರೆ. ಮನೆಯಲ್ಲಿ ಹಿರಿಯರು ಅವನ್ನೇ ಕೇಳುತ್ತಾರೆ, ನನಗೆ ಅವರ ಮೇಲೆ ಗೌರವವಿದೆ. ಉಪನಿಷತ್ತನ್ನು ಉಪನಿಷತ್ತಾಗಿಯೇ ಓದಿ ಎನ್ನುತ್ತೇನೆ. ‘ನೋಡುವವನಿಂದ ವಾಸ್ತವ ಬದಲಾಗುತ್ತದೆ ಎಂದು ಕ್ವಾಂಟಮ್ ಹೇಳಿದೆ’ ಎಂದು ಬರೆದಿದ್ದರೆ, ಅಲ್ಲಿ ‘ನೋಡುವುದು’ ಅಂದರೆ ಒಂದು ಉಪಕರಣ ಕಣದ ಜೊತೆ ತಾಗುವುದು, ಯಾರದೋ ಮನಸ್ಸು ತಾಗುವುದಲ್ಲ ಎಂದು ಪಕ್ಕದಲ್ಲೇ ಹೇಳಿದ್ದಾರೆಯೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಹೆಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ನಮ್ಮ ಸೀಮೆಯಲ್ಲಿ ಹುಟ್ಟಿದ ಆ ಪ್ರಶ್ನಿಸುವ ಗುಣ ಪುಸ್ತಕ ಆರಿಸುವಾಗಲೂ ಜೊತೆಗಿರಲಿ.

ಕನ್ನಡವೋ ಇಂಗ್ಲಿಷೋ

ಇದು ಎಲ್ಲರೂ ಕೇಳುವ ಪ್ರಶ್ನೆ. ಭೌತವಿಜ್ಞಾನ ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರಿಗೆ ಒಂದೇ ಉತ್ತರ: ತುಮಕೂರು ಹತ್ತಿರದ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಾ, ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದ್ದಾರೆ.

ಕನ್ನಡದಲ್ಲೇ ಯೋಚಿಸಿ ಬರೆದದ್ದು ಮೊದಲ ಆಯ್ಕೆ. ಅನುವಾದವಾದರೆ ಎರಡು ಜಾಗ ನೋಡಿ. ಮೊದಲು ಸಂಖ್ಯೆ. ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ. ಒಂದು ಅನುವಾದದಲ್ಲಿ ಅದು 138 ಕೋಟಿ ಆಗಿತ್ತು, ಇನ್ನೊಂದು ಅಧ್ಯಾಯದಲ್ಲಿ ಭೂಮಿಯ ವಯಸ್ಸು ಸರಿಯಾಗಿ 450 ಕೋಟಿ ಎಂದೇ ಇತ್ತು. ಭೂಮಿ ಬ್ರಹ್ಮಾಂಡಕ್ಕಿಂತ ಹಿರಿದಾಗಿಬಿಟ್ಟಿತು! ಬಿಲಿಯನ್ ಅಂದರೆ ನೂರು ಕೋಟಿ, ಅದನ್ನು ಹತ್ತು ಕೋಟಿ ಮಾಡಿದ ತಪ್ಪು. ಎರಡನೆಯದು ‘ಬಲ’, ‘ಶಕ್ತಿ’, ‘ಸಾಮರ್ಥ್ಯ’ ಈ ಮೂರು ಪದ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವಾಟ್ ಎಂಬುದು ಸಾಮರ್ಥ್ಯ. ಇಡೀ ದಿನ ಅದು ಕೊಟ್ಟದ್ದು ಶಕ್ತಿ. ಬಾಗಿಲು ತಳ್ಳಿದ್ದು ಬಲ. ಮೂರನ್ನೂ ‘ಶಕ್ತಿ’ ಎಂದೇ ಬರೆದಿದ್ದರೆ ಅನುವಾದಕರಿಗೆ ವಿಷಯ ತಿಳಿದಿಲ್ಲ. ‘ತೂಕ’ ಮತ್ತು ‘ದ್ರವ್ಯರಾಶಿ’ಯಲ್ಲೂ ಹೀಗೇ. ಪಾರಿಭಾಷಿಕ ಪದ ಸಂಸ್ಕೃತದ್ದೇ ಇರಲಿ, ಎಲೆಕ್ಟ್ರಾನ್ ಕ್ವಾಂಟಮ್ ಅಂತಲೇ ಇರಲಿ, ನನಗೆ ಜಗಳವಿಲ್ಲ. ಒಂದು ವಸ್ತುವಿಗೆ ಪುಸ್ತಕದುದ್ದಕ್ಕೂ ಒಂದೇ ಹೆಸರಿರಬೇಕು.

ಇಂಗ್ಲಿಷ್ ಸಲೀಸಾಗಿ ಬರುವವರಿಗೆ ಮೂಲವೇ ವಾಸಿ. ಆದರೆ ಕನ್ನಡ ಮಾಧ್ಯಮದ ಮಗುವಿಗೆ ‘ಇಂಗ್ಲಿಷೂ ಬರಲಿ, ವಿಜ್ಞಾನವೂ ಬರಲಿ’ ಎಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಡಬೇಡಿ. ಎರಡೂ ಬಾರದೆ ಹೋದದ್ದನ್ನು ನಾನು ನೋಡಿದ್ದೇನೆ.

ದುಡ್ಡಿನ ಮಾತು

ಮೊದಲು ಗ್ರಂಥಾಲಯಕ್ಕೆ ಹೋಗಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಜ್ಞಾನದ ಕಪಾಟಿನ ಮುಂದೆ ಒಂದು ಗಂಟೆ ನಿಂತು ನೋಡಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಮುತ್ತಿನಂಥವು ಇರುತ್ತವೆ, ಮತ್ತೆ ಅಚ್ಚಾಗದವೂ ಇರುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು ಸಿಕ್ಕರೆ ಏಳೆಂಟನೇ ಕ್ಲಾಸಿನವರಿಗೆ ಬೇರೆ ಪುಸ್ತಕವೇ ಬೇಕಾಗುವುದಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರಿದ್ದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಲು ಹೇಳಿ, ವರ್ಷ ನೋಡಿಕೊಂಡು.

ಅಷ್ಟಾದ ಮೇಲೂ ಎರಡು ಪುಸ್ತಕದ ನಡುವೆ ಮನಸ್ಸು ಹೊಯ್ದಾಡಿದರೆ ನಾನು ಮಾಡುವುದು ಇದು: ಎರಡರಿಂದಲೂ ಒಂದೇ ವಿಷಯದ ಒಂದೊಂದು ಪುಟ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದು, ಯಾರಿಗಾಗಿ ಕೊಳ್ಳುತ್ತಿದ್ದೇನೋ ಅವರಿಗೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ‘ಚೆನ್ನಾಗಿದೆ’ ಅಂದ ಪುಸ್ತಕ ತರುವುದಿಲ್ಲ, ಪ್ರಶ್ನೆ ಕೇಳಿಸಿದ ಪುಸ್ತಕ ತರುತ್ತೇನೆ. ಹೋದ ಜೂನಿನಲ್ಲಿ ಹಾಗೆ ತಂದ ಒಂದು ಪುಸ್ತಕ, ನೂರಾ ಎಂಬತ್ತು ರೂಪಾಯಿಯದು, ರಬ್ಬರ್ ಹಾಳೆಯ ಹುಡುಗಿಯ ಕೈಯಲ್ಲಿದೆ. ಪಿಯುಸಿ ಸೇರಿದರೂ ವಾಪಸು ಕೊಟ್ಟಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದ್ದಾಳೆ ಎಂದು ಅವಳ ತಂಗಿ ಹೇಳಿದಳು.